ಕೂಳೆಯ ಹೊಲದ ಓಟ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರಾದ ನಾವೂ ಏನಾದರೊಂದು ಬರೆಯಬೇಕೆಂದು ಸಂಪಾದಕಿಯವರು ಅಪ್ಪಣೆ ಮಾಡಿ ಬಹಳ ದಿನಗಳಾದುವು. ಪರದೇಶದ ಆಸ್ಪತ್ರೆಯೊಂದರಲ್ಲಿ ದಾದಿಯರಾಗಿರುವ ನಮಗೆ ಹಗಲು ಪಾಳಿ ಇರುಳು ಪಾಳಿಗಳ ನಡುವೆ ಲೇಖನಿ ಹಿಡಿಯಲು ಅವಕಾಶ ದೊರೆಯಲಿಲ್ಲವೆಂದು ಹೇಳಿದರೆ ಅದು ಅರ್ಧ ಸತ್ಯವು ಮಾತ್ರ. ಬರೆಯತಕ್ಕ ಸಂಗತಿಯೊಂದು ನಮ್ಮಲ್ಲಿದ್ದಿತು. ಬರೆಯುವ ಧೈರ್ಯವು ಇರಲಿಲ್ಲ. ಈಗ ಅದನ್ನು ಒಂದು ಪ್ರವಾಸದ ವೃತ್ತಾಂತದೊಡನೆ ಸೇರಿಸಿ ವಾಚಕ ಭಗಿನಿಯರ ಮುಂದಿಡುತ್ತೇವೆ. ಅಕ್ಕತಂಗಿಯರಿಬ್ಬರೂ ಕೂಡಿ ಬರೆಯುತ್ತಿರುವುದರಿಂದ ಆದ್ಯಂತವೂ 'ನಾವು' ಎಂದೇ ಹೇಳುವೆವು. ತಪ್ಪು ಸಹ ಇಬ್ಬರದಾದುದರಿಂದ ಅದೇ ಸರಿಯಾದುದು.

ನಾವು ವಾಸವಾಗಿರುವುದು ಜರ್ಮನಿಯ ದಕ್ಷಿಣ ಭಾಗದಲ್ಲಿ, ನೆಕ್ಕರ್ ನದಿಯ ದಡದ ಎಸ್ಲಿಂಗೆನ್ ಎಂಬ ಪಟ್ಟಣದಲ್ಲಿ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡಿಗರಿಗೆ ಮೊದಲನೆಯ ವೃತ್ತಪತ್ರಿಕೆಯನ್ನು ಕೊಟ್ಟ ಹೆರ್ಮನ್ ಮೋಗ್ಲಿಂಗ್ ಪಂಡಿತರು 1881ರಲ್ಲಿ ಕಾಲವಾದುದು ಇದೇ ಊರಿನಲ್ಲಿ. ಇಲ್ಲಿಗೆ ಬಂದ ಹೊಸತರಲ್ಲಿ ಕನ್ನಡದ ಒಂದು ಮಾತೂ ಕಿವಿಗೆ ಬೀಳದೆ ನಾವು ಕಂಗೆಟ್ಟಿದ್ದಾಗ, ಕನ್ನಡವನ್ನು ಅಷ್ಟು ಪ್ರೀತಿಸಿದವರು ನಡೆದಾಡಿದ ಬೀದಿಗಳಿವು ಎಂಬ ನೆನಪೇ ನಮಗೆ ಸಮಾಧಾನವನ್ನುಂಟುಮಾಡುತ್ತಿದ್ದಿತು.

2024ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಅಪೂರ್ವವಾಗಿ ನಮ್ಮಿಬ್ಬರಿಗೂ ಒಂದೇ ಶನಿವಾರ ಭಾನುವಾರಗಳಲ್ಲಿ ರಜೆ ದೊರೆಯಿತು. ಜೊತೆಯಲ್ಲಿ ಕೆಲಸ ಮಾಡುವ ಹಿರಿಯ ದಾದಿಯೊಬ್ಬರು, "ಮಾರ್ಕ್‌ಗ್ರೋನಿಂಗೆನ್ ಊರಿನಲ್ಲಿ ಕುರುಬರ ಜಾತ್ರೆ ಇದೆ, ನೋಡಿ ಬನ್ನಿರಿ, ರಾತ್ರಿ ನನ್ನ ತಾಯಿಯ ಮನೆಯಲ್ಲಿ ತಂಗಬಹುದು" ಎಂದರು. ಕುರುಬರೆಂಬ ಮಾತು ಬಿದ್ದೊಡನೆಯೇ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಆದರೆ ಏನನ್ನೂ ಆಡಲಿಲ್ಲ. ಆಡದಿರುವುದು ನಮಗೆ ಆ ವಿಷಯದಲ್ಲಿ ಬಹುಕಾಲದ ಅಭ್ಯಾಸವಾಗಿದ್ದಿತು.

ಶನಿವಾರ, 24ನೆಯ ತಾರೀಖು, ಇನ್ನೂ ಕತ್ತಲಿರುವಾಗಲೇ ಬೈಸಿಕಲ್ಲುಗಳನ್ನೇರಿ ಹೊರಟೆವು. ನಾವು ಚಿಕ್ಕಂದಿನಲ್ಲಿ ಬೈಸಿಕಲ್ಲನ್ನು ಕಂಡಿದ್ದೆವೇ ಹೊರತು ಏರಿದವರಲ್ಲ. ಇಲ್ಲಿಗೆ ಬಂದ ಮೇಲೆ, ಮಕ್ಕಳು ನೋಡಿ ನಗುತ್ತಿರುವಾಗ, ಮೊಣಕಾಲು ತರಚಿಕೊಂಡು ಕಲಿತವರು. ಹೋಗತಕ್ಕ ದೂರವು ಸುಮಾರು 40 ಕಿಲೋಮೀಟರು. ನೆಕ್ಕರ್ ನದಿಯ ಉಗಮದ ಸೀಮೆಯಿಂದ ಅದು ರೈನ್ ನದಿಯನ್ನು ಸೇರುವ ಮಾನ್‌ಹೈಮ್‌ವರೆಗೆ ಸುಮಾರು 370 ಕಿಲೋಮೀಟರು ಉದ್ದಕ್ಕೆ ಬೈಸಿಕಲ್ಲಿನವರ ಮಾರ್ಗವೊಂದಿದೆ. ಅದರ ಒಂದು ತುಂಡನ್ನು ಹಿಡಿದು ನಾವು ನದಿಯ ಇಳಿಮುಖವಾಗಿ ಸಾಗಿದೆವು. ಕಾನ್‌ಷ್ಟಾಟ್ ದಾಟುವಷ್ಟರಲ್ಲಿ ಸೂರ್ಯನು ಮೂಡಿದನು. ಬಲಗಡೆಯಲ್ಲಿ ಗೋಡೆಯಂತೆ ನಿಂತ ದಿಣ್ಣೆಗಳ ಮೇಲೆ ಕಲ್ಲಿನ ಒಡ್ಡುಗಳನ್ನು ಹಾಕಿ, ಮೆಟ್ಟಲು ಮೆಟ್ಟಲಾಗಿ ದ್ರಾಕ್ಷಿಯ ತೋಟಗಳನ್ನು ಬೆಳೆಸಿದ್ದರು. ಕೆಳಗೆ ನದಿಯಲ್ಲಿ ಸರಕು ತುಂಬಿದ ಉದ್ದನೆಯ ದೋಣಿಯೊಂದು ಸದ್ದಿಲ್ಲದೆ ತೆವಳುತ್ತಿದ್ದಿತು.

ರೆಮ್ಸೆಕ್ ಎಂಬಲ್ಲಿ ನದಿಯನ್ನು ಬಿಟ್ಟು ಏರುದಾರಿಯನ್ನು ಹಿಡಿದಾಗ ನಮ್ಮಲ್ಲಿ ಹಿರಿಯಳ ಬೈಸಿಕಲ್ಲಿನ ಸರಪಳಿ ಕಳಚಿಕೊಂಡಿತು. ಕಲ್ಲಿನ ಮೇಲೆ ಕುಳಿತು ಅದನ್ನು ಕೂಡಿಸುವುದರೊಳಗೆ ಅವಳ ಅಂಗೈಗಳೆರಡೂ ಎಣ್ಣೆಮಸಿಯಿಂದ ಕಪ್ಪಾದುವು. ಅನಂತರ ಲುಡ್ವಿಗ್ಸ್‌ಬುರ್ಗಿನ ದೊಡ್ಡ ಅರಮನೆಯನ್ನು ಹೊರಗಿನಿಂದಲೇ ನೋಡಿ, ಆಸ್ಪೆರ್ಗ್ ಊರಿನ ಬಳಿಗೆ ಬಂದೆವು. ಅಲ್ಲಿ ಬಯಲಿನ ನಡುವೆ ಒಂಟಿಯಾಗಿ ನಿಂತ ಗುಡ್ಡದ ಮೇಲೆ ಹೋಹೆನಾಸ್ಪೆರ್ಗ್ ಎಂಬ ಕೋಟೆಯಿದೆ. ವುರ್ಟೆಂಬರ್ಗಿನ ಕಾರ್ಲ್ ಓಯ್ಗೆನ್ ಎಂಬ ದೊರೆಯು ಶೂಬಾರ್ಟ್ ಎಂಬ ಕವಿಯನ್ನು ನಾಲಗೆಯ ಅಪರಾಧಕ್ಕಾಗಿ 1777ರಿಂದ 1787ರ ವರೆಗೆ ಹತ್ತು ವರ್ಷ ಈ ಕೋಟೆಯಲ್ಲಿ ಸೆರೆಯಿಟ್ಟಿದ್ದನು. ಕವಿಯು ಇನ್ನೂ ಸೆರೆಯಲ್ಲಿರುವಾಗಲೇ, 1786ರಲ್ಲಿ, ಅದೇ ದೊರೆಯು ನುಣುಪಾದ ಉಣ್ಣೆಯ ಮೆರಿನೋ ಕುರಿಗಳನ್ನು ಸ್ಪೇನಿನ ಕಡೆಯಿಂದ ತರಿಸಿ ತನ್ನ ನಾಡಿನ ಕುರಿಗಳೊಡನೆ ಕೂಡಿಸಿದನು. ಇಂದು ಈ ಸೀಮೆಯಲ್ಲಿ ಮೇಯುವ ಬಿಳಿಯ ಕುರಿಗಳು ಆ ಕೂಡಿಕೆಯ ಸಂತಾನವಂತೆ. ಕವಿಗೆ ಕಠಿಣನಾದವನು ಕುರಿಗೆ ಉಪಕಾರಿಯಾದನೆಂದು ನಗುತ್ತ ನಾವು ಮುಂದೆ ಸಾಗಿದೆವು.

ಮಾರ್ಕ್‌ಗ್ರೋನಿಂಗೆನ್ ಊರನ್ನು ನಾವು ಮುಟ್ಟುವ ವೇಳೆಗೆ ದೇವಾಲಯದಲ್ಲಿ ಆರಾಧನೆಯು ಮುಗಿದು, ಗಂಟೆಗಳ ನಾದದ ನಡುವೆ ಮೆರವಣಿಗೆಯು ಹೊರಡುತ್ತಿದ್ದಿತು. ಊರು ಚಿಕ್ಕದು, ಬಹು ಪುರಾತನವಾದುದು. ಮರದ ತೊಲೆಗಳನ್ನು ಅಡ್ಡಡ್ಡವಾಗಿ ಉದ್ದುದ್ದವಾಗಿ ಹೆಣೆದು ನಡುವೆ ಸುಣ್ಣದ ಗಾರೆ ಬಳಿದ ಎತ್ತರವಾದ ಪುರಭವನವು ಪೇಟೆಯ ಚೌಕದಲ್ಲಿ ನಿಂತಿದೆ. ಅದರ ಮುಂದೆ ತುತ್ತೂರಿ ನಗಾರಿಗಳ ಮೇಳಗಳು, ಹಳೆಯ ಕಾಲದ ಉಡುಪಿನ ಹೆಂಗಸರು ಮಕ್ಕಳು, ಅವರ ನಡುವೆ ಕುರುಬರು! ನೀಲಿಯ ನಿಲುವಂಗಿ, ಅಗಲವಾದ ಟೊಪ್ಪಿಗೆ, ಕೈಯಲ್ಲಿ ಆಳೆತ್ತರದ ಕೋಲು. ಕೋಲಿನ ತುದಿಯಲ್ಲಿ ಅಂಗೈಯಷ್ಟು ಚಿಕ್ಕ ಸಲಿಕೆ. ಹಿಂಡು ಬಿಟ್ಟು ಅಗಲುವ ಕುರಿಯ ಕಡೆಗೆ ಇದರಿಂದ ಹೆಂಟೆಯನ್ನು ಮೀಟಿ ಎಸೆಯುತ್ತಾರೆ. ನಮ್ಮ ಊರಿನಲ್ಲಿ ಬಗ್ಗಿ ಕೈಯಿಂದಲೇ ಹೆಂಟೆಯೆತ್ತಿ ಎಸೆಯುವವರನ್ನು ನಾವು ಬಲ್ಲೆವು. ದಾರಿಯ ಎರಡು ಕಡೆಗಳಲ್ಲಿಯೂ ನೆರೆದ ಜನರು ಕುರುಬರು ಬಂದಾಗ ಚಪ್ಪಾಳೆ ತಟ್ಟಿದರು.

ಈ ಜಾತ್ರೆಗೆ ಅಲ್ಲಿಯವರು ಶೇಫರ್‌ಲೌಫ್ ಎನ್ನುತ್ತಾರೆ. ಕುರುಬರ ಓಟ ಎಂದರ್ಥ. ಪ್ರತಿ ವರ್ಷ ಆಗಸ್ಟ್ 24ರ ಸಂತ ಬಾರ್ತಲೊಮಾಯನ ಹಬ್ಬದ ಸುಮಾರಿಗೆ ನಡೆಯುತ್ತದೆ. ನಾವು ಹೋದ ವರ್ಷ ಶನಿವಾರವೇ ಆ ದಿನವಾಗಿದ್ದಿತು. ಹಿಂದೆ ವುರ್ಟೆಂಬರ್ಗಿನ ಕುರುಬರೆಲ್ಲರೂ ವರ್ಷಕ್ಕೊಮ್ಮೆ ಈ ಊರಿಗೆ ಬಂದು ತಮ್ಮ ಕಟ್ಟೆಯ ಸಭೆಯನ್ನು ಕೂಡಿಸಿ, ವೃತ್ತಿಯ ನಿಯಮಗಳನ್ನು ಓದಿಸಿ, ವ್ಯಾಜ್ಯಗಳನ್ನು ತೀರ್ಮಾನಿಸಿಕೊಳ್ಳಬೇಕಾಗಿದ್ದಿತು. ದೂರದವರಿಗೆ ಕಷ್ಟವಾಗುವುದೆಂದು 1723ರಲ್ಲಿ ಊರಾಖ್, ವಿಲ್ಡ್‌ಬೆರ್ಗ್, ಹೈಡೆನ್‌ಹೈಮ್ ಊರುಗಳಲ್ಲಿಯೂ ಸಭೆ ಸೇರಲು ಅಪ್ಪಣೆಯಾಯಿತು. 1828ರಲ್ಲಿ ಆ ವೃತ್ತಿಸಂಘವೇ ರದ್ದಾಯಿತು; ಆದರೆ ಓಟವು ಉಳಿಯಿತು. 2018ರಲ್ಲಿ ಜರ್ಮನಿಯವರು ಇದನ್ನು ತಮ್ಮ ದೇಶದ ಪರಂಪರೆಯ ಪಟ್ಟಿಯಲ್ಲಿಯೂ ಸೇರಿಸಿದ್ದಾರೆ.

ಜಾತ್ರೆಯ ಹುಟ್ಟಿನ ವಿಷಯವಾಗಿ ಒಂದು ಐತಿಹ್ಯವನ್ನು ಹೇಳುತ್ತಾರೆ. ಈ ಸೀಮೆಯ ಒಡೆಯನ ಬಳಿ ಬಾರ್ಟೆಲ್ ಎಂಬ ಕುರುಬನಿದ್ದನು. ಅವನು ಒಡೆಯನ ಕುರಿಗಳನ್ನು ಕದ್ದು ಮಾರುತ್ತಾನೆಂದು ಯಾರೋ ಚಾಡಿ ಹೇಳಿದರು. ಒಡೆಯನು ಕಟುಕನ ವೇಷವನ್ನು ಧರಿಸಿ ಹೋಗಿ, ಹೆಚ್ಚಿನ ಹಣದ ಆಸೆ ತೋರಿಸಿ, ಒಂದು ಕುರಿಯನ್ನು ಮಾರೆಂದು ಕೇಳಿದನು. ಬಾರ್ಟೆಲನು ಒಪ್ಪಲಿಲ್ಲ. ಒಡೆಯನು ಸಂತೋಷಪಟ್ಟು, ಕುರುಬರ ಮರ್ಯಾದೆಗೆಂದು ವರ್ಷಕ್ಕೊಂದು ಹಬ್ಬವನ್ನು ನೇಮಿಸಿದನಂತೆ.

ಈ ಕಥೆಯನ್ನು ನಮಗೆ ಹೇಳಿದವನು ಹೊಲದ ಬದುವಿನಲ್ಲಿ ನಮ್ಮ ಪಕ್ಕದಲ್ಲಿ ನಿಂತಿದ್ದ ಮುದುಕನಾದ ಕುರುಬನೊಬ್ಬನು. ಮೆರವಣಿಗೆಯು ಊರ ಹೊರಗಿನ ಹೊಲಕ್ಕೆ ಬಂದು ಮುಟ್ಟಿದ್ದಿತು. ಬೆಳೆಯನ್ನು ಕೊಯ್ದ ಮೇಲೆ ಉಳಿದ ಕೂಳೆಯು ಬಿಸಿಲಿಗೆ ಒಣಗಿ ಸೂಜಿಗಳಂತೆ ನಿಂತಿದ್ದಿತು. ಆ ಕೂಳೆಯ ಮೇಲೆ ಮುನ್ನೂರು ಹೆಜ್ಜೆಗಳಷ್ಟು ದೂರವನ್ನು ಬರಿಗಾಲಿನಲ್ಲಿ ಓಡಬೇಕು. ಗಂಡುಮಕ್ಕಳಿಗೆ ಒಂದು ಓಟ, ಹೆಣ್ಣುಮಕ್ಕಳಿಗೆ ಒಂದು ಓಟ. ಗೆದ್ದ ಇಬ್ಬರಿಗೂ ಕಿರೀಟವಿಟ್ಟು ಕುರುಬರ ರಾಜ, ಕುರುಬರ ರಾಣಿ ಎಂದು ಕೂಗುತ್ತಾರೆ; ಬಹುಮಾನವಾಗಿ ಕುರಿಯನ್ನೇ ಕೊಡುತ್ತಾರೆ. ಈ ಓಟದಲ್ಲಿ ಹಣವಂತರ ಮಕ್ಕಳಿಗಾಗಲಿ ಅಧಿಕಾರಿಗಳ ಮಕ್ಕಳಿಗಾಗಲಿ ಸ್ಥಳವಿಲ್ಲ. ಕುರುಬರ ವೃತ್ತಿಯವರಿಗೂ ಅವರ ಮಕ್ಕಳಿಗೂ ಮಾತ್ರ ಇದು ಮೀಸಲು.

ಹುಡುಗಿಯರು ಬರಿಗಾಲಿನಲ್ಲಿ ಸಾಲಾಗಿ ನಿಂತರು. ಸನ್ನೆಯಾದೊಡನೆ ಲಂಗಗಳನ್ನು ಹಿಡಿದುಕೊಂಡು ಕೂಳೆಯ ಮೇಲೆ ಹಾರಿದರು. ನಮ್ಮ ಕಣ್ಣುಗಳು ಅವರ ಮುಖಗಳನ್ನು ನೋಡಲಿಲ್ಲ, ಪಾದಗಳನ್ನು ನೋಡಿದುವು. ಕೂಳೆಯ ಮೇಲೆ ಓಡುವವರು ಪಾದವನ್ನು ಮೇಲಿಂದ ಕೆಳಕ್ಕೆ ಊರಬಾರದು. ನೆಲಕ್ಕೆ ಸವರಿದಂತೆ ಮುಂದಕ್ಕೆ ಜಾರಿಸಿದರೆ ಕೂಳೆಯು ಬಾಗಿ ಮಲಗುತ್ತದೆ, ಚುಚ್ಚುವುದಿಲ್ಲ. ಗೆದ್ದ ಹುಡುಗಿಯು ಹಾಗೆಯೇ ಓಡಿದಳು. ಇದನ್ನು ನಮಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಜೋಳದ ಕೂಳೆಯ ಹೊಲದಲ್ಲಿ ಮರಿಯೊಂದನ್ನು ಹಿಡಿಯಲು ಓಡುವಾಗ ನಮ್ಮ ತಂದೆಯವರು ಕಲಿಸಿದ್ದರು.

ಓಟದ ಬಳಿಕ ಹುಡುಗಿಯರು ತಲೆಯ ಮೇಲೆ ನೀರಿನ ಬಾನಿಗಳನ್ನು ಹೊತ್ತು ಓಡುವ ಪಂದ್ಯವು ನಡೆಯಿತು. ನೀರು ಕುಲುಕಿ ಅವರ ಮುಖದ ಮೇಲೆಲ್ಲಾ ಚೆಲ್ಲಿತು. ಜನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾವೂ ನಕ್ಕೆವು. ಬೇಸಗೆಯಲ್ಲಿ ಮೈಲು ದೂರದ ಬಾವಿಯಿಂದ ತೊಟ್ಟು ಚೆಲ್ಲದಂತೆ ಕೊಡ ಹೊತ್ತು ತಂದ ನಮ್ಮ ತಾಯಿಯವರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೆಂದು ನೆನೆದು ಮತ್ತಷ್ಟು ನಕ್ಕೆವು.

ಆಗ ಆ ಮುದುಕನು ನಮ್ಮನ್ನು ನೋಡಿ, ನೀವು ಎಲ್ಲಿಯವರು, ನಿಮ್ಮ ತಂದೆಯವರ ಉದ್ಯೋಗವೇನು ಎಂದು ಕೇಳಿದನು.

ವಾಚಕ ಭಗಿನಿಯರೇ, ಇಲ್ಲಿ ನಮ್ಮ ವೃತ್ತಾಂತವನ್ನು ನಿಲ್ಲಿಸಿ, ಈ ಪ್ರಶ್ನೆಯನ್ನು ನಮಗೆ ಮೊದಲು ಕೇಳಿದ ಸ್ಥಳಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕಾಗಿದೆ. ಆ ಸ್ಥಳವು ನಮ್ಮ ಶಾಲೆಯ ಬಾಗಿಲು.

ನಾವು ವಿದ್ಯಾರ್ಥಿನಿನಿಲಯದಲ್ಲಿದ್ದ ಕಾಲ. ಬಹುಮಾನ ವಿತರಣೆಯ ದಿನ. ನಮ್ಮಲ್ಲಿ ಹಿರಿಯಳಿಗೆ ಓಟದ ಪಂದ್ಯದಲ್ಲಿ ಮೊದಲನೆಯ ಬಹುಮಾನ ಬಂದಿದ್ದಿತು. ಮಧ್ಯಾಹ್ನದ ಹೊತ್ತು, ಬಾಗಿಲಿನ ಆಚೆ, ಹುಣಿಸೆಯ ಮರದ ಕೆಳಗೆ ನಮ್ಮ ತಂದೆಯವರು ನಿಂತಿರುವುದನ್ನು ಕಂಡೆವು. ಸಂತೆಯಲ್ಲಿ ಎರಡು ಟಗರುಗಳನ್ನು ಮಾರಿ, ನಮ್ಮ ಊಟದ ಹಣವನ್ನು ಕಟ್ಟಲೆಂದು ಬಂದಿದ್ದರು. ಹೆಗಲ ಮೇಲೆ ಕರಿಯ ಕಂಬಳಿ, ಕೈಯಲ್ಲಿ ಕೋಲು, ಕಾಲಲ್ಲಿ ಹೊಲದ ಮಣ್ಣು. ಶಾಲೆಗೆ ಸೇರಿದಂದಿನಿಂದ, ನಮ್ಮ ತಂದೆಯವರು ದೊಡ್ಡ ಒಕ್ಕಲುತನದವರೆಂದು ನಾವು ಗೆಳತಿಯರಿಗೆ ಹೇಳಿಕೊಂಡಿದ್ದೆವು. ಹಾಗೆ ಹೇಳಬೇಕೆಂದು ಯಾರೂ ನಮ್ಮನ್ನು ಒತ್ತಾಯಿಸಿರಲಿಲ್ಲ. ಉಪಾಧ್ಯಾಯಿನಿಯರು ನಮ್ಮನ್ನು ಎಂದೂ ಕೀಳಾಗಿ ಕಂಡವರಲ್ಲ. ಜೊತೆಯಲ್ಲಿದ್ದ ಹುಡುಗಿಯು ಬಾಗಿಲ ಕಡೆಗೆ ತೋರಿಸಿ, "ಅವರು ಯಾರು? ನಿಮ್ಮನ್ನೇ ನೋಡುತ್ತಿದ್ದಾರಲ್ಲ?" ಎಂದಳು. ನಾವಿಬ್ಬರೂ ಒಂದೇ ಉಸಿರಿನಲ್ಲಿ, "ನಮ್ಮ ತಂದೆಯವರು ಕಳುಹಿಸಿದ ಆಳು" ಎಂದೆವು.

ಅವರಿಗೆ ಅದು ಕೇಳಿಸಿತು. ಕೇಳಿಸಿತೆಂದು ನಮಗೆ ಹೇಗೆ ಗೊತ್ತೆಂದರೆ, ಮರುಕ್ಷಣವೇ ಬಾಗಿಲ ಕಾವಲಿನವನು ಯಾರು ನೀನೆಂದು ಕೇಳಿದಾಗ ನಮ್ಮ ತಂದೆಯವರು ಕೈಮುಗಿದು, "ಈ ಹುಡಿಗ್ಯಾರ ಅಪ್ಪಾರು ರೊಕ್ಕಾ ಕೊಟ್ಟು ಕಳಿಸ್ಯಾರ್ರೀ" ಎಂದರು. ಹಣದ ಗಂಟನ್ನು ಕಾವಲಿನವನ ಕೈಗೆ ಕೊಟ್ಟು, ನಮ್ಮ ಕಡೆಗೆ ಒಮ್ಮೆಯೂ ತಿರುಗಿ ನೋಡದೆ, ಬಂದ ದಾರಿಯಿಂದಲೇ ಹೊರಟುಹೋದರು. ಸಾಯಂಕಾಲ ಸಭೆಯಲ್ಲಿ ಹಿರಿಯಳ ಹೆಸರನ್ನು ಕೂಗಿ ಹಿತ್ತಾಳೆಯ ಲೋಟವನ್ನು ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಲೋಟದಿಂದ ನಾವು ಇಂದಿನವರೆಗೂ ನೀರು ಕುಡಿದಿಲ್ಲ.

ರಜೆಗೆ ಊರಿಗೆ ಹೋದಾಗ ಅವರು ಆ ಸುದ್ದಿಯನ್ನೆತ್ತಲಿಲ್ಲ, ನಾವೂ ಎತ್ತಲಿಲ್ಲ. ವಿದ್ಯೆ ಕಲಿತೆವು, ದಾದಿಯರಾದೆವು, ಸಮುದ್ರವನ್ನು ದಾಟಿದೆವು. ಎಲ್ಲಿ ಯಾರು ಕೇಳಿದರೂ ನಮ್ಮ ತಂದೆಯವರು ಒಕ್ಕಲುತನದವರೆಂದೇ ಉತ್ತರವಾಗಿದ್ದಿತು.

ಕೂಳೆಯ ಹೊಲದ ಬದುವಿನಲ್ಲಿಯೂ ಆ ಉತ್ತರವೇ ನಾಲಗೆಯ ತುದಿಗೆ ಬಂದಿದ್ದಿತು. ಆದರೆ ಆಗತಾನೆ ಒಬ್ಬ ಹುಡುಗಿಯ ರಕ್ತ ಒಸರುವ ಪಾದಗಳನ್ನು ನೋಡಿದ್ದೆವು. ಅವಳ ತಲೆಯ ಮೇಲೆ ಕಿರೀಟವಿಟ್ಟುದನ್ನೂ ನೋಡಿದ್ದೆವು. ಅವಳ ತಂದೆಯು ಕೋಲೂರಿಕೊಂಡು ಅವಳ ಪಕ್ಕದಲ್ಲಿಯೇ ನಿಂತಿದ್ದನು. ಕಿರಿಯಳು ಬಾಯಿ ತೆರೆದು, "ನಮ್ಮ ತಂದೆಯವರು ಶೇಫರ್" ಎಂದಳು. ಹಿರಿಯಳು, "ಅವರ ತಂದೆಯೂ" ಎಂದಳು. ತಾಯಿನುಡಿಯಲ್ಲಿ ಹೇಳಲಾರದೆ ಹೋದುದನ್ನು ಪರಭಾಷೆಯಲ್ಲಿ ಹೇಳಿದೆವು.

ಮುದುಕನು ಟೊಪ್ಪಿಗೆಯನ್ನು ತೆಗೆದು ಕೈನೀಡಿದನು. ಹಿರಿಯಳು ಸರಪಳಿಯ ಮಸಿ ಹತ್ತಿದ ಅಂಗೈಯನ್ನು ತೋರಿಸಿ ಹಿಂಜರಿದಳು. ಅವನು ತನ್ನ ಅಂಗೈಯನ್ನು ತಿರುಗಿಸಿ ತೋರಿಸಿದನು. ಅದೇನೂ ನಮ್ಮದಕ್ಕಿಂತ ಶುಭ್ರವಾಗಿರಲಿಲ್ಲ. ಅಲ್ಲಿಂದ ಮುಂದೆ ಅವನು ಕೇಳಿದ ಪ್ರಶ್ನೆಗಳು ಒಂದೇ ಎರಡೇ! ಎಷ್ಟು ಕುರಿಗಳು, ಎಷ್ಟು ದೂರ ಹೋಗುತ್ತಾರೆ, ನಾಯಿಗಳುಂಟೇ, ರಾತ್ರಿ ಹಿಂಡು ಎಲ್ಲಿ ಮಲಗುತ್ತದೆ? ಸುಗ್ಗಿಯಾದ ಮೇಲೆ ರೈತರು ತಮ್ಮ ಹೊಲದಲ್ಲಿ ಹಿಂಡನ್ನು ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರಕ್ಕಾಗಿ ಕಾಳನ್ನೋ ಹಣವನ್ನೋ ಕೊಡುತ್ತಾರೆ ಎಂದು ನಾವು ಹೇಳಿದಾಗ ಅವನು ಆಶ್ಚರ್ಯಪಡಲಿಲ್ಲ. ತನ್ನ ಸೀಮೆಯಲ್ಲಿಯೂ ಹಿಂದೆ ಹಾಗೆಯೇ ಇದ್ದಿತೆಂದೂ, ಯಾರ ಹೊಲದಲ್ಲಿ ಹಿಂಡು ಮಲಗಬೇಕೆಂಬುದನ್ನು ಊರವರು ಹರಾಜು ಹಾಕುತ್ತಿದ್ದರೆಂದೂ ಹೇಳಿದನು. ಈಗ ರಾಸಾಯನಿಕ ಗೊಬ್ಬರ ಬಂದಿದೆ. ಉಣ್ಣೆ ಮಾರಿದ ಹಣವು ಕತ್ತರಿಸಿದವನ ಕೂಲಿಗೂ ಸಾಲದು. ವರ್ಷಕ್ಕೊಮ್ಮೆ ಚಪ್ಪಾಳೆ ತಟ್ಟುತ್ತಾರೆ, ಆದರೆ ಚಪ್ಪಾಳೆಯು ಮೇವಾಗುವುದಿಲ್ಲ, ತನ್ನ ಮಕ್ಕಳು ಬೇರೆ ಕೆಲಸಗಳಿಗೆ ಹೋದರು ಎಂದನು. ಅದನ್ನು ಹೇಳುವಾಗ ಅವನ ಧ್ವನಿಯು ನಮ್ಮ ತಂದೆಯವರ ಧ್ವನಿಯಂತೆಯೇ ಇದ್ದಿತು. ನಮ್ಮ ಕಡೆಯಲ್ಲಿಯೂ ಕಂಬಳಿಯನ್ನು ಕೇಳುವವರು ಕಡಿಮೆಯಾದರೆಂದು ನಾವು ಹೇಳಿದೆವು.

ಆ ರಾತ್ರಿ ಎಂಟ್ಸ್ ಎಂಬ ಚಿಕ್ಕ ನದಿಯ ದಡದ ಹಳ್ಳಿಯಲ್ಲಿ, ನಮ್ಮ ಸಹೋದ್ಯೋಗಿಯ ತಾಯಿಯ ಮನೆಯಲ್ಲಿ ತಂಗಿದೆವು. ನಿದ್ರೆಯು ಬರಲಿಲ್ಲ. ಭಾನುವಾರ ಬೆಳಗ್ಗೆ, ಊರಲ್ಲಿ ಮಧ್ಯಾಹ್ನವಾಗಿರುವ ವೇಳೆಯನ್ನು ನೋಡಿಕೊಂಡು, ನದಿಯ ದಂಡೆಯಲ್ಲಿ ಕುಳಿತು ತಂದೆಯವರಿಗೆ ಫೋನು ಮಾಡಿದೆವು. ಅವರಿಗೆ ಈಗ ಎಪ್ಪತ್ತು ದಾಟಿದೆ. ನೂರಿಪ್ಪತ್ತು ಇದ್ದ ಹಿಂಡು ಮೂವತ್ತಕ್ಕೆ ಇಳಿದಿದೆ, ಆದರೂ ಬಿಟ್ಟಿಲ್ಲ. ಹೊಲದಲ್ಲಿಯೇ ಇದ್ದರು; ಹಿಂದಿನಿಂದ ಮರಿಗಳ ಕೂಗು ಕೇಳಿಸುತ್ತಿದ್ದಿತು. ಜಾತ್ರೆಯ ಸಂಗತಿಯನ್ನೆಲ್ಲ ಹೇಳಿದೆವು.

"ಅಲ್ಲೆ ಕುರಿ ಬಣ್ಣ ಎಂಥಾದ್ದು?" ಎಂದರು.

"ಎಲ್ಲಾ ಬಿಳೀವು ಅಪ್ಪಾ."

"ಕರೀವು ಇಲ್ಲೇನು? ಹಂಗಾರ ಕಂಬಳಿ ಹೆಂಗ ನೇಯ್ತಾರ?"

ಅದಕ್ಕೆ ಉತ್ತರ ಹೇಳಿದ ಮೇಲೆ, ಇನ್ನು ತಡೆಯಬಾರದೆಂದು, ಶಾಲೆಯ ಬಾಗಿಲಿನಲ್ಲಿ ಅಂದು ನಾವು ಆಡಿದ ಮಾತನ್ನು ನೆನಪಿಸಿ, ತಪ್ಪಾಯಿತೆಂದು ಇಬ್ಬರೂ ಹೇಳಿದೆವು. ಸ್ವಲ್ಪ ಹೊತ್ತು ಮರಿಗಳ ಕೂಗು ಮಾತ್ರ ಕೇಳಿಸಿತು.

"ಅದೆಲ್ಲಾ ನನಗ ನೆಪ್ಪಿಲ್ಲ ಬಿಡ್ರೆವ್ವಾ," ಎಂದರು. ಬಳಿಕ ತಡೆದು, "ಅವತ್ತ ಓಟದಾಗ ಮೊದಲನೇದ್ದು ಬಂದಿತ್ತಲ್ಲ, ಏನ ಕೊಟ್ಟಿದ್ರು?" ಎಂದು ಕೇಳಿದರು.

"ಹಿತ್ತಾಳಿ ಲೋಟ ಅಪ್ಪಾ."

"ಆ ಊರಾಗ ಕುರಿ ಕೊಡ್ತಾರ ಅಂದ್ರಿ?"

"ಹೌದಪ್ಪಾ."

"ಹಂಗಾರ ಅವರದ ಛಲೋ ಬಹುಮಾನ," ಎಂದರು. ಹಿಂಡು ಬದುವು ದಾಟುತ್ತಿದೆ ಎಂದು ಹೇಳಿ ಫೋನು ಇಟ್ಟರು.

ನಾವು ಬೈಸಿಕಲ್ಲುಗಳನ್ನೇರಿ ಎಸ್ಲಿಂಗೆನ್ನಿಗೆ ಹಿಂದಿರುಗಿದೆವು. ಹೋಗುವಾಗ ಇಳಿಮುಖವಾಗಿದ್ದ ನದಿಯ ದಾರಿಯು ಬರುವಾಗ ಏರುಮುಖವಾಗಿದ್ದಿತು. ಆದರೂ ಅದರ ಆಯಾಸವು ನಮಗೆ ತಿಳಿಯಲಿಲ್ಲ.

ನಮ್ಮ ಶಾಲೆಯ ಉತ್ಸವಕ್ಕೆ ನಾವಿಬ್ಬರೂ ಬರುವವರಿದ್ದೇವೆ. ಆ ಹಿತ್ತಾಳೆಯ ಲೋಟವನ್ನೂ ತರುತ್ತೇವೆ. ತಂದೆಯವರನ್ನೂ ಕರೆದಿದ್ದೇವೆ. ಅಷ್ಟು ಹೊತ್ತು ಕುರಿ ಯಾರು ಕಾಯಬೇಕೆಂದು ಮೊದಲು ಬೇಡವೆಂದರು; ನೆರೆಯವನ ಮಗನು ಒಪ್ಪಿಕೊಂಡ ಮೇಲೆ, ಹೊತ್ತು ಮುಳುಗುವುದರೊಳಗೆ ಹಿಂದಿರುಗುವುದಾದರೆ ಬರುವೆನೆಂದಿದ್ದಾರೆ. ಅವರ ಹೆಗಲ ಮೇಲೆ ಕರಿಯ ಕಂಬಳಿಯಿರುವುದು. ಅವರು ಯಾರೆಂದು ಈಗಿನ ಬಾಲಿಕೆಯರು ಕೇಳದೆ ಇರಲಾರರು. ದಯಮಾಡಿ ನಮ್ಮನ್ನೇ ಕೇಳಬೇಕೆಂದು ಪ್ರಾರ್ಥಿಸುತ್ತೇವೆ.